ಬೀಡಿನ ಹಾಸು

ಹುಬ್ಬಳ್ಳಿ ಅಂಗಡಿಯಾಗ ರೂಟರ್ ಟೇಬಲ್ ಐತೇನಪಾ ಅಂದ್ರ
ಹುಡುಗ ಎರಡು ಕೋಡಿನ ವೈಫೈ ಡಬ್ಬಿ ತಂದಿಟ್ಟ,
ಇದನ್ನ ಗ್ವಾಡಿಗೇ ಬಡೀತಾರ್ರಿ, ಟೇಬಲ್ ಬೇಕಿಲ್ಲ, ಅಂದ.
ಅಲ್ಲೋ ತಮ್ಮಾ, ಕಟಗಿ ಕೊರಿಯೂದು.
ಆಗ ಮಾಲಕ ಕನ್ನಡಕ ಏರಿಸಿ ಫೋನಿನಾಗ ಚಿತ್ರ ತೋರಿಸಿದ:
ಹತ್ತೊಂಬತ್ತು ಸಾವಿರ, ಮ್ಯಾಲೆ ಜಿಎಸ್‌ಟಿ,
ತಗಡು ನೋಡಿದ್ರ ಹಪ್ಪಳದಷ್ಟು ದಪ್ಪ.
ಯಂತ್ರ ಒಂದ ಕೊಡ್ರಿ ಸಾಕು ಅಂದೆ.
ಉಡ್ಯಾಗ ಕೂಸಿನಂಗ ಇಟಗೊಂಡು ಗದಗ ಬಸ್ಸು ಹತ್ತಿದೆ.
ನಿನಗ ಸೊನ್ನೆ ಟಿಕೀಟು, ಇದಕ್ಕ ಲಗೇಜು ಹರೀಲೇನಬೇ ಅಂತ
ಕಂಡಕ್ಟರ್ ಅಣ್ಣಿಗೇರಿ ತನಕ ಚ್ಯಾಷ್ಟಿ ಮಾಡಿದ.

ಬೆಟಗೇರಿಯೊಳಗ ನಾವು ಮೊಳೆ ಜೋಡಿಸ್ತಿದ್ದ ಪ್ರೆಸ್ಸು
ಮುಚ್ಚಿ ಹದಿನಾಕು ವರ್ಷ.
ಸೀಸ ಕರಗಿತು, ಟ್ರೆಡಲ್ಲು ಗುಜರಿಗೆ ಹೋತು,
ಫರ್ಮಾ ಕಟ್ಟೂ ಬೀಡಿನ ಹಾಸು ಮಾತ್ರ
ನಾಕು ಮಂದಿಗೆ ಏಳಲಾರದಕ್ಕ ಅಲ್ಲೇ ಬಿದ್ದಿತ್ತು.
ಬಾಕಿ ಪಗಾರದ ಬದಲಿ ಇದನ್ನ ಒಯ್ಯಿ ಅಂತ ಮಾಲಕ ನಕ್ಕಿದ್ದ.
ನಾನು ಆರು ಮಂದಿ ಕರಕೊಂಡು ಹೋದೆ.
ಇಷ್ಟು ವರ್ಷ ಅದರ ಮ್ಯಾಲೆ ಉಳ್ಳಾಗಡ್ಡಿ ಒಣಗಿದವು.
ಈಗ ಮನ್ಯಾಗ ಫೋಟೋ ಕಟ್ಟು ಹಾಕೂ ಕೆಲಸ:
ಮೂರು ಲಕ್ಷ್ಮಿ, ಒಬ್ಬ ಅಜ್ಜ, ಒಂದು ನಿವೃತ್ತಿ ಸನ್ಮಾನ ಬಾಕಿ ಅದಾವ.
ಆಗ ಮೊಳೆ ಅಂದ್ರ ಅಕ್ಷರ.
ಈಗ ಮೊಳೆ ಅಂದ್ರ ಮೊಳೆ.

ವೆಲ್ಡರ್ ಇಮಾಮಹುಸೇನ ಬಂದು ಬೆರಳಲೆ ತಟ್ಟಿ ಕೇಳಿದ.
ಬೀಡು ಅಕ್ಕಾ, ಸಿಟ್ಟಿನ ಮನಿಷ್ಯಾನಂಗ,
ಬಾಗಂಗಿಲ್ಲ, ಬಡದ್ರ ಒಡೀತೈತಿ.
ಗುಂಡಗ ಗೆರಿ ಹಾಕಿ, ಒಂದರ ಮಗ್ಗಲಕ ಒಂದು
ಮೂವತ್ತೆರಡು ಸಣ್ಣ ತೂತು ಕೊರದ.
ನಡುವಿನ ಬಿಲ್ಲಿ ಠಣ್ ಅಂತ ಕೆಳಗ ಬಿತ್ತು.
ಉದುರಿದ ಪುಡಿ ಕರ್ರಗ, ಶಾಯಿಯಂಗ;
ಒಂದು ತಾಸು ನನಗ ಕೈ ತೊಳಕೊಳ್ಳಾಕ ಮನಸಾಗಲಿಲ್ಲ.

ಯಂತ್ರ ಈಗ ಹಾಸಿನ ಹೊಟ್ಟಿಗೆ ತಲಿಕೆಳಗ ಜೋತೈತಿ,
ಹಾಲಹಲ್ಲಿನಂಗ ಬಿಟ್ಟಿನ ತುದಿ ಅಷ್ಟ ಮ್ಯಾಲೆ.
ಕಟಗಿ ನೆಟ್ಟಗ ಸಾಗಾಕ ಒಂದು ಒಡ್ಡು,
ಹಳೇ ಬಾಗಿಲದ ಸಾಗವಾನಿ.
ಮೂವತ್ತು ವರ್ಷ ಉಲ್ಟಾ ಅಕ್ಷರ ಓದಿದ ಕಣ್ಣು ನಂದು,
ಇದು ಯಾವ ದೊಡ್ಡ ವಿದ್ಯಾ ಅಂದೆ.
ಮೊದಲ ಪಟ್ಟಿ ಎಡದಿಂದ ಬಲಕ್ಕ ದೂಡಿದೆ, ಸಾಲು ಜೋಡಿಸಿದಂಗ.
ಕೈಯಾಗಿಂದ ಕಸಗೊಂಡು ಒಗೀತು ನೋಡ್ರಿ!
ಗ್ವಾಡಿಗೆ ಬಡದು, ಕ್ಯಾಲೆಂಡರಿನಾಗ ಇಡೀ ಶ್ರಾವಣ ಹರೀತು.
ಬಾಗಿಲದಾಗ ನಿಂತಾವ ಅಂದ:
ಬಲದಿಂದ ಎಡಕ್ಕ ಅಕ್ಕಾ, ನಮ್ಮ ಉರ್ದು ಓದಿದಂಗ.

ಕೊರದದ್ದು ಕಾಣಂಗಿಲ್ಲ ಇಲ್ಲೆ.
ಬೋರಲ ಮಲಗಿದ ಕಟಗಿ
ತನ್ನ ಗುಟ್ಟು ಹೊಟ್ಟ್ಯಾಗ ಇಟಗೊಂಡು ಜಾರತೈತಿ,
ಸಪ್ಪಳದಾಗ ತಿಳಕೋಬೇಕು, ಎಲ್ಲಿ ಗಂಟು, ಎಲ್ಲಿ ಎಳಿ.
ಹೊರಳಿಸಿದೆ, ಪ್ರೂಫ್ ಎತ್ತಿ ನೋಡಿದಂಗ.
ಕಾಲುವಿ ಚಂದ ಬಂದಿತ್ತು, ಆದ್ರ ಜೋಡಿಸಿದಾಗ
ಮೂಲ್ಯಾಗ ಕೂದಲೆಳಿಯಷ್ಟು ಸಂದು.
ಒಡ್ಡು ಹಿಂದಕ್ಕ ವಾಲಿತ್ತು.

ಕಾಗದ ಕೊಟ್ಟು ಎತ್ತರ ತಿದ್ದೂದು ಪ್ರೆಸ್ಸಿನವರ ಹಳೇ ಬುದ್ಧಿ.
ಟ್ರಂಕಿನ ತಳದಾಗ ಒಂದು ಕಟ್ಟು ಲಗ್ನಪತ್ರ ಇದ್ದವು,
ಚಿ. ಸೌ. ಕಾಂ. ಪುಪ್ಷಾವತಿ.
ಷ ಮ್ಯಾಲೆ, ಪ ಕೆಳಗ ಇರಬೇಕಾದ್ದು
ನನ್ನ ಕೈಯಾಗ ಅದಲು ಬದಲಾಗಿ
ಐನೂರು ಕಾರ್ಡು ಕೆಟ್ಟು, ಎಂಟು ದಿನದ ಪಗಾರ ಮುರಕೊಂಡಿದ್ರು.
ಆ ಹೆಣ್ಣಮಗಳು ಈಗ ಎಲ್ಲಿ ಅದಾಳೋ,
ಮಮ್ಮಕ್ಕಳು ಆಗಿರಬೇಕು.
ಆಕಿ ಹೆಸರಿನ ಸಾಲಷ್ಟ ಕತ್ತರಿಸಿ
ಒಡ್ಡಿನ ಹಿಂದಿನ ಬುಡಕ್ಕ ಕೊಟ್ಟು ಬೋಲ್ಟು ಬಿಗಿದೆ.
ಗುಣ್ಯಾ ಹಚ್ಚಿ, ಕಿಡಕಿ ಕಡೆ ಹಿಡದು
ಒಂದು ಕಣ್ಣು ಮುಚ್ಚಿದೆ.

ಬೆಳಕು ಹಾಯಲಿಲ್ಲ.
ಇಮಾಮಹುಸೇನಗ ಚಾ ಇಟ್ಟಿದ್ದು ಉಕ್ಕಿ ಒಲಿ ಆರಿತ್ತು.