ಬೆಂಚು, ಒಂದು

ಹೆಸರು ಬೇಡ.
ಬೈತಖೋಲದವಳು ಎಂದಿಟ್ಟುಕೊಳ್ಳಿ, ಅಲ್ಲದಿದ್ದರೂ.
ಕೋಡಿಬಾಗದ ನನ್ನ ಅಂಗಡಿಗೆ ಬಂದಾಗ
ಕೈಯಲ್ಲಿ ಮಗಳ ಗಣಿತದ ಪಟ್ಟಿ,
ಕೊನೆಯ ಹಾಳೆಯಲ್ಲಿ ಪೆನ್ಸಿಲ್ ಗೆರೆ:
ಉದ್ದ ಐದೂವರೆ ಅಡಿ, ಅಗಲ ಎರಡೂಕಾಲು,
ಎತ್ತರದ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ.

ಗಂಡನಿಗೆ ಟ್ರಾಲರಿನ ವಿಂಚು ಬಡಿದು
ಸೊಂಟ ಹೋಗಿ ಎರಡು ವರ್ಷ.
ಅಷ್ಟನ್ನು ಕೊಂಕಣಿಯಲ್ಲಿ ಹೇಳಿದಳು.
ಮುಂದಿನದಕ್ಕೆ ಮನೆಮಾತು ಬಿಟ್ಟು
ಕನ್ನಡಕ್ಕೆ ದಾಟಿದಳು,
ಬ್ಯಾಂಕಿನ ಕಿಟಕಿಯೆದುರು ನಿಂತವರ ಹಾಗೆ:
"ಒಂದು ತುದಿ ಏರಬೇಕು. ನಡು ತುಸು ಉಬ್ಬಿರಬೇಕು.
ಅವರು ಒರಗಿದರೆ ಬೆನ್ನು ಎಳೆಯಬಾರದು.
ಇನ್ನೊಬ್ಬರ ಭಾರವನ್ನೂ ತಡೆಯಬೇಕು.
ಹಗಲು ಬರೀ ಬೆಂಚಾಗಿರಬೇಕು.
ಅತ್ತೆಗೆ ನಿದ್ದೆ ಕಡಿಮೆ. ಸದ್ದು..."
ಅಲ್ಲಿಗೆ ನಿಲ್ಲಿಸಿದಳು.
ಮರದ ಹೊಟ್ಟನ್ನು ಕಾಲಿನಿಂದ ಸರಿಸುತ್ತ
"ಮಾಡುವುದಿಲ್ಲ" ಅಂದೆ.
ಅವಳ ಮುಖ ಬಾಡಿತು, ಪಟ್ಟಿ ಮುಚ್ಚಿದಳು.
"ಅಯ್ಯೋ, ನಾನು ಮಾಡುತ್ತೇನೆ.
ಬೆಂಚು ಸದ್ದು ಮಾಡುವುದಿಲ್ಲ."

ಮೂವತ್ತೈದು ವರ್ಷದಲ್ಲಿ ಬಾಗಿಲು, ತೊಟ್ಟಿಲು,
ನೌಕಾನೆಲೆಯ ಸಾಹೇಬರೊಬ್ಬರಿಗೆ ಮಡಚುವ ಮೇಜು,
ಇಗರ್ಜಿಗೆ ಮೊಣಕಾಲೂರುವ ಹಲಗೆ.
ಮಂಡಿಗೆ ಎಷ್ಟು ಎತ್ತರ ಹಿತ ಎಂಬುದು
ಅಲ್ಲಿಂದಲೇ ಗೊತ್ತಿತ್ತು, ದೇವರು ಕ್ಷಮಿಸಲಿ.
ಚೌಕಟ್ಟಿಗೆ ಮತ್ತಿ.
ಕಬ್ಬಿಣದ ತಿರುಗಣಿ ಬೇಡ, ಉಪ್ಪುಗಾಳಿಗೆ
ಒಂದೇ ತಿಂಗಳಲ್ಲಿ ಊರಿಗೆಲ್ಲ ಹೇಳಿಬಿಡುತ್ತದೆ.
ಆರಾಮಕುರ್ಚಿಗಿರುವಂಥ ಹಲ್ಲುಪಟ್ಟಿ, ಹಲಸಿನದು, ಒಳಮೈಗೆ;
ಐದು ಹಲ್ಲು, ಹಲ್ಲಿಗೊಂದು ಚರ್ಮದ ತುಣುಕು,
ಸುರಗಿಯ ಗೂಟ, ಕೀಲಿಗೆಲ್ಲ ಜೇನುಮೇಣ.
ಅಂಚಿನಡಿ ಕಣ್ಣಿಗೆ ಸಿಗದ, ಬೆರಳಿಗೆ ಸಿಗುವ
ಒಂದು ಕುಳಿ. ಒತ್ತಿದರೆ ತುದಿ ಏಳುತ್ತದೆ.
ಕೆಲಸಕ್ಕಿದ್ದ ಹುಡುಗ ನಿತೇಶ ಕೇಳಿದ,
"ಇದೆಂತದು ಮಾಮಾ?"
"ಸೊಂಟನೋವಿನದು."
ಸುಳ್ಳೇನಲ್ಲ.

ಪರೀಕ್ಷೆಗೆಂದು ಒಬ್ಬನೇ ಮಲಗಿ ನೋಡಿದೆ.
ಒಬ್ಬನ ಭಾರಕ್ಕೆ ಯಾವ ಮರವೂ ನಿಜ ಹೇಳುವುದಿಲ್ಲ.
ಊಟವಾಗಿ, ಹೆದ್ದಾರಿಯ ಲಾರಿಗಳು ವಿರಳವಾದ ಮೇಲೆ
ಮಂದಾಳನ್ನು ಅಂಗಡಿಗೆ ಕರೆದೆ.
ಐವತ್ತಾರರ ಮಂದಾ, ಮಂಡಿಗೆ ಎಣ್ಣೆ ತಿಕ್ಕಿಕೊಂಡವಳು,
ಬೆಂಚನ್ನು ನೋಡಿದಳು, ನನ್ನನ್ನು ನೋಡಿದಳು,
"ಮೊದಲು ಕದ ಹಾಕು" ಅಂದಳು.
ಪಕ್ಕಕ್ಕೆ ಒರಗಿ ನಕ್ಕಳು. ನಕ್ಕಾಗ
ಎಡಗಡೆಯ ಕಾಲು ಕಿರ್ರೆಂದಿತು.
"ನೋಡು," ಅಂದಳು, "ನಗುವವರಿಗೆ ಇದು ಆಗುವುದಿಲ್ಲ."

ನಗುವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಕಾಲು ಬಿಚ್ಚಿ, ಒಂದು ನೂಲು ಹೆರೆದು, ಮತ್ತೆ ಕೂರಿಸಿದೆ.
ಅಷ್ಟರಲ್ಲಿ ಕಾಳಿಯ ಉಬ್ಬರ ಇಳಿದು ಹೋಗಿತ್ತು.
ಮಂದಾ ಹೋಗಿರಲಿಲ್ಲ.

ರಸೀದಿಯಲ್ಲಿ ಬರೆದೆ: ಬೆಂಚು, ಒಂದು.
ಕೀಲುಗಳ ಕೂಲಿ ಹಿಡಿಯಲಿಲ್ಲ,
ಹಿಡಿದರೆ ವಿವರ ಬರೆಯಬೇಕಲ್ಲ.

ಒಂದೂವರೆ ವರ್ಷ ಕಳೆದು, ರಿಪೇರಿಗೆ ಫೋನು.
ಹೋದಾಗ ಅದರ ಮೇಲೆ ಅತ್ತೆ ಕೂತು
ಬೆಳ್ಳುಳ್ಳಿ ಸುಲಿಯುತ್ತಿದ್ದರು.
"ಗಟ್ಟಿ ಬೆಂಚು ಮೇಸ್ತ್ರಿ, ಅಲುಗುವುದೇ ಇಲ್ಲ,
ಇದಕ್ಕೆಂತ ರಿಪೇರಿ?" ಎಂದು ತಟ್ಟಿ ತೋರಿಸಿದರು.
ಜಗುಲಿಯಲ್ಲಿ ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ.
ಅವಳು ಚಹಾ ತಂದು
ಸಕ್ಕರೆ ಎಷ್ಟೆಂದು ಕೇಳಿದಳು, ಕೊಂಕಣಿಯಲ್ಲಿ.

ಅತ್ತೆಯನ್ನು ಅಂಗಳಕ್ಕೆ ಎಬ್ಬಿಸಿ ಮಗುಚಿ ನೋಡಿದೆ.
ಮೊದಲ ಹಲ್ಲು ಹೊಸದರ ಹಾಗಿತ್ತು,
ಐದನೆಯದನ್ನು ಯಾರೂ ಮುಟ್ಟಿರಲಿಲ್ಲ.
ಮೂರನೆಯದರ ಚರ್ಮ ಸವೆದು
ಹಲಸಿನ ಹಳದಿ ಕಾಣುತ್ತಿತ್ತು.
ಅಲ್ಲಿಗೆ ಎರಡು ಪದರ ಹೊಲಿದೆ.
ಉಳಿದವುಗಳ ಧೂಳು ಒರೆಸಿದೆ.

ಅತ್ತೆ ಬೆಳ್ಳುಳ್ಳಿಯೊಂದಿಗೆ ವಾಪಸು ಬಂದು ಕೂತರು.