ಆರು ಅಂಕಿ

ಐದನೇ ತಾರೀಖು, ರಾತ್ರಿ ಪಾಳಿ ಮುಗಿಸಿ ಬಂದು
ಚಾ ಕುಡಿಯೂದರಾಗ ಸಾಲದ ಕಂತು ತುಂಬತೀನಿ.
ಮೂರು ಸಾವಿರದ ಎಂಟನೂರಾ ನಲವತ್ತು,
ನರ್ಸಿಂಗ್ ಕಲಿತದ್ದಕ್ಕ.
ಇನ್ನೂ ಮೂವತ್ತೊಂದು ಕಂತು.

ಜಾಮೀನು ಬಿದ್ದಾಂವ ಸೋದರಮಾವ,
ಫಕೀರಪ್ಪ, ರೋಣದ ಡಿಪೋದ ರಿಟೈರ್ಡ್ ಕಂಡಕ್ಟರ್.
ಅವಾಗ ಅವ್ವನ ಕಡೆ ಫೋನ್ ಇರಲಿಲ್ಲ,
ನನ್ನ ನಂಬರು ನಾಕು ತಿಂಗಳಿಗೊಮ್ಮೆ ಬದಲಾಗತಿತ್ತು.
ಫಾರ್ಮಿನ್ಯಾಗ ಮಾವನ ನಂಬರು ಬರೆದ್ವಿ.
ಅವನ ಪೆನ್ನು, ಅವನ ದುಂಡು ಅಂಕಿ.

ಆಮ್ಯಾಲ ಅಜ್ಜಿ ಸತ್ತಳು.
ಪಾಟ್ಲಿ ಎರಡು ಜೋಡಿ ಇದ್ದುವು ಅಂತ ಅವ್ವ,
ಒಂದ ಜೋಡಿ ಅಂತ ಅತ್ತಿ.
ದಿವಸದ ಊಟಕ್ಕ ಕುಂತ ಮಂದಿ
ಎದ್ದವರು ತಿರುಗಿ ಕೂಡಲಿಲ್ಲ.
ಬೆಟಗೇರಿಯಿಂದ ಹಾತಲಗೇರಿ ನಾಕಾಕ್ಕ ಆಟೋ ಸಿಗತಾವ,
ಎರಡು ವರ್ಷಾತು, ಯಾರೂ ಹತ್ತಿಲ್ಲ.

ಓಟಿಪಿ ಮಾತ್ರ ಹೋಗತೈತಿ.

ಫೋನ್ ಹಚ್ಚತೀನಿ.
ಹಲೋ ಇಲ್ಲ, ಆರಾಮೇನು ಇಲ್ಲ,
ಟಿಕೀಟು ಹರಿಯೂ ದನಿಯಾಗ
"ಏಳು, ಸೊನ್ನಿ, ನಾಕು, ನಾಕು, ಒಂದು, ಒಂಬತ್ತು."
ಟಕ್.
ಅವ್ವ ರಾಟಿ ಮುಂದ ಕುಂತು ಕಂಡಿಕಿ ಸುತ್ತತಿರತಾಳ,
ಕೇಳದವರ ಗತೆ.

ಈ ಸಲ ಅಂಕಿ ಒತ್ತಿದೆ, ಚಕ್ರ ತಿರುಗಿತು.
ಚಾದ ಮ್ಯಾಲ ಕೆನಿ ಕಟ್ಟಿತು.
'ದಯವಿಟ್ಟು ಹಿಂದಕ್ಕೆ ಹೋಗಬೇಡಿ' ಅಂತ ಬರೆದಿತ್ತು.
ಹಿಂದಕ್ಕ ಎಲ್ಲಿ ಹೋಗಲಿ ನಾ?
ಅವ್ವ ಬಗ್ಗಿ ನೋಡಿ ಅಂದಳು:
"ರಾಟಿ ತಿರಗತೈತಿ, ಕಂಡಿಕಿಗೆ ನೂಲು ಸುತ್ತವಲ್ದು."

ರೊಕ್ಕ ನನ್ನ ಖಾತೆಯಿಂದ ಹೋಗಿತ್ತು,
ಸಾಲದ ಖಾತೆಗೆ ಬಂದಿರಲಿಲ್ಲ.
ಸಹಾಯವಾಣಿಗೆ ಹಚ್ಚಿ ಕನ್ನಡಕ್ಕ ಐದು ಒತ್ತಿದೆ, ಹಿಂದಿ ಬಂತು,
ಹಿಂದಿ ಮುಗಿದ ಮ್ಯಾಲ ಸಿತಾರ್ ಬಂತು,
ಹದಿನೇಳು ನಿಮಿಷಕ್ಕ ಒಬ್ಬಾಕಿ ಬಂದಳು.
"ಏಳು ಕೆಲಸದ ದಿನ ಕಾಯಿರಿ ಮೇಡಂ."
ಇವತ್ತ ಕಡೀ ದಿನ, ದಂಡ ಬೀಳತೈತಲ್ರೀ?
"ಹಂಗಾರ ಇನ್ನೊಮ್ಮೆ ತುಂಬರಿ."

ವಾರ್ಡಿನ್ಯಾಗ ಸಲಾಯಿನ್ ಹಚ್ಚೂ ಕೈ ಇದು.
ಬಾಟ್ಲಿ ಬಿಟ್ಟ ಹನಿ ರಗತಕ್ಕ ಮುಟ್ಟಲಿಲ್ಲಂದ್ರ
ನಳಿಗಿ ಗುಂಟ ಬೆರಳು ಜಾರಿಸಿ ಹುಡುಕತೀನಿ,
ಏಳು ದಿನ ಕಾಯಿರಿ ಅನ್ನೂದಿಲ್ಲ.

ನಸೀಮಾ ಎರಡು ಸಾವಿರ ಕಳಿಸಿದಳು,
ಅವಳದೂ ಕಂತು ಬಾಕಿ ಇತ್ತು, ಹೇಳಲಿಲ್ಲ.
ಅವ್ವನ ವಾರದ ಕೂಲಿ ಕಿರಾಣಿ ಅಂಗಡಿಯಾಗ ಕೊಟ್ಟು
ಫೋನಿಗೆ ಹಾಕಿಸಿಕೊಂಡೆ.
ಮಾವಗ ಎರಡನೇ ಸಲ ಹಚ್ಚಿದೆ.
ಅಂಕಿ ಬರೂದರಾಗ ಅವಧಿ ಮುಗೀತು.
ಮೂರನೇ ಸಲ
ಆರೂ ಅಂಕಿ ಹೇಳಿದ, ಟಕ್ ಅನ್ನಲಿಲ್ಲ.
ಆ ಕಡೆ ಕುಕ್ಕರಿನ ಸೀಟಿ, ಅತ್ತಿಯ ಕೆಮ್ಮು.

"ಬಿತ್ತೇನು?"
ತಿರಗಾಕ್ಹತ್ತೈತಿ ಮಾವಾ.
"ತಡಿ. ಬಾಗಲಾ ಮುಚ್ಚದ ಗಾಡಿ ಬಿಡಬಾರದು."
ತಡದ್ವಿ.
ಅವ್ವನ ರಾಟಿ ಯಾವಾಗ ನಿಂತಿತ್ತೋ.
ಪಾಟ್ಲಿ ಮಾತು ಯಾರೂ ತಗೀಲಿಲ್ಲ,
ತಗಿಯಾಕ ಹೊತ್ತಿತ್ತು.

ಬಿತ್ತು. ಹಸರ ಗೆರಿ.
"ಬಿತ್ತು ಮಾವಾ."
"ರೈಟ್" ಅಂದ,
ಮೂವತ್ತು ವರ್ಷ ಡ್ರೈವರಗ ಅಂದ ಹಂಗ,
ಇಟ್ಟುಬಿಟ್ಟ.

ಕಳಕೊಂಡ ರೊಕ್ಕ ಒಂಬತ್ತನೇ ದಿನ
ನಡುರಾತ್ರಿ ವಾರ್ಡಿನ್ಯಾಗ ಇದ್ದಾಗ ತಾನ ಬಂತು,
ಎಲ್ಲಿಗೆ ಹೋಗಿದ್ದೆ ಅಂತ ಹೇಳದ.
ಮೊದಲು ನಸೀಮಾಗ ಕಳಿಸಿದೆ.

ನಂಬರು ಬದಲಿಸೂ ಅರ್ಜಿ ಬ್ಯಾಂಕಿನಿಂದ ತಂದು ಎಂಟು ತಿಂಗಳಾತು.
ಎರಡು ಫೋಟೋ, ಒಂದು ಝೆರಾಕ್ಸು, ಜಾಮೀನುದಾರರ ಸಹಿ.
ಅವ್ವ ಅದರ ಮ್ಯಾಲ ಕಂಡಿಕಿ ಡಬ್ಬಿ ಇಟ್ಟಾಳ.
ನಿನ್ನೆ ನೂಲು ಹರಿದಲ್ಲಿ ಗಂಟು ಹಾಕಿಕೋತ ಕೇಳಿದಳು:
"ಇನ್ನೆಷ್ಟು ಉಳದಾವ?"
ಮೂವತ್ತು.
"ಬರೇ ಮೂವತ್ತಾ?"