ಸೀಮೆಸುಣ್ಣದ ಗಾಡಿ

ಬೇಲೇಕೇರಿಯಲ್ಲಿ, ಹಮ್ಮಣ್ಣ ನಾಯಕರ ಹಿತ್ತಲಲ್ಲಿ
ಅದಿರು ಕಂಪನಿಯವನೊಬ್ಬ ಬಿಟ್ಟುಹೋದ ಷೆವರ್ಲೆ,
ಮೂವತ್ತಾರನೇ ಇಸವಿಯದು, ಎರಡೇ ಬಾಗಿಲು.
ಒಳಗೆ ಹನ್ನೊಂದು ಹೇಂಟೆ.
ಹದಿನಾಲ್ಕು ಸಾವಿರಕ್ಕೆ ಮಾತಾಯಿತು,
ಕೋಳಿ ಬಿಟ್ಟು.

ತರುವುದಕ್ಕೆ ಮೊದಲು ಬರೆಯಬೇಕು.
ಐಸ್ ಫ್ಯಾಕ್ಟರಿಯ ರಸೀದಿಯ ಬೆನ್ನಿಗೆ ಬರೆದೆ:
ಎಂಜಿನ್, ಕಾಂಟೆಸ್ಸಾದ್ದು, ಹುಬ್ಬಳ್ಳಿ ಗುಜರಿ.
ಹಿಂದಿನ ಆಕ್ಸಲ್, ಜೀಪಿನದು.
ಮುಂದಿನದರ ಎದುರು ಒಂದು ಪ್ರಶ್ನೆ ಚಿಹ್ನೆ.
ಬಣ್ಣ ಮಾತ್ರ ಎಲ್ಲಕ್ಕಿಂತ ಮೇಲೆ, ಎರಡು ಗೀಟು ಎಳೆದು:
ಬಂಗಡೆಯ ಬೆನ್ನಿನ ಹಸಿರುನೀಲಿ,
ಬಲೆಯಿಂದ ಬಿದ್ದ ಮೊದಲ ನಿಮಿಷದ್ದು,
ಐಸಿಗೆ ಹಾಕಿದ ಮೇಲಿನದ್ದಲ್ಲ.

"ಹಾಟ್ ರಾಡ್ ಅಂದರೆ ಎಂತದು, ಕಾಯಿಸಿದ ಸಲಾಕೆಯಾ?"
ಅಂದಳು ಶೇವಂತಿ, ಅಕ್ಕಿ ಆರಿಸುತ್ತ.
ಹಳೇ ಮೈ, ಹೊಸ ಎದೆ ಅಂದೆ.
ಬಾನೆಟ್ಟು ಇರುವುದಿಲ್ಲ, ಎಂಜಿನ್ ಕಾಣುತ್ತಿರಬೇಕು.
"ಕಾರವಾರದ ಮಳೆಯಲ್ಲಿ?"
ರಸೀದಿಗೆ ಬಾನೆಟ್ಟು ಸೇರಿತು.

ಮಾಡು ಮೂರು ಇಂಚು ಕತ್ತರಿಸಿ ತಗ್ಗಿಸುವುದು ಪದ್ಧತಿ,
ಗಾಡಿ ಹುಬ್ಬು ಗಂಟಿಕ್ಕಿದ ಹಾಗೆ ಕಾಣುತ್ತದಂತೆ.
ನಾನು ಆರಡಿ ಒಂದಿಂಚು.
ಮೂರನ್ನು ಹೊಡೆದು ಒಂದು ಬರೆದೆ,
ಆಮೇಲೆ ಅದನ್ನೂ ಹೊಡೆದೆ.

ಇನ್ನೊಮ್ಮೆ ಹೋಗಿ ಬಾಗಿಲು ಬಿಚ್ಚಿದಾಗ ಗೊತ್ತಾಯಿತು:
ತಗಡಿನ ಒಳಗೆ ಮರ. ಪಕ್ಕೆಲುಬಿನಂತೆ ಮರ,
ಒರಲೆ ತಿಂದು ಮಿಕ್ಕದ್ದು.
ನನಗೆ ನಗು. ಇಪ್ಪತ್ತೆರಡು ವರ್ಷ ಬೈತಖೋಲದಲ್ಲಿ
ದೋಣಿಗಳ ಹೊಟ್ಟೆಯೊಳಗೆ ಮಲಗಿ ಬೋಲ್ಟು ಬಿಗಿದವ ನಾನು;
ಇದೂ ಒಂದು ದೋಣಿಯೇ, ಕವುಚಿ ಇಟ್ಟದ್ದು.
ವಾಸು ಆಚಾರಿ ಹಲಸಿನ ಪಕ್ಕೆಲುಬು ಕೊಡುತ್ತಾನೆ.
ಉಪ್ಪುಗಾಳಿಗೆ ಉತ್ತರ ಮಾತ್ರ ನಾನೇ ಕೊಡಬೇಕು,
ಸಂದಿ ಸಂದಿಗೂ ಗ್ರೀಸು, ಪ್ರತಿ ಭಾನುವಾರ.

ಕಾಜುಬಾಗದ ಬಸ್ತ್ಯಾಂವ, ಲೇತಿನ ಮುಂದಿನ ಸ್ಟೂಲಿನಲ್ಲಿ ಕೂತು
ರಸೀದಿಯನ್ನು ಕೈ ಚಾಚಿ ದೂರ ಹಿಡಿದು ಓದಿದ.
ಎಂಜಿನಿಗೆ ತಲೆಯಾಡಿಸಿದ. ಬಣ್ಣಕ್ಕೆ ನಕ್ಕ.
"ಎಲ್ಲಾ ಸಮ. ನಿಲ್ಲಿಸುವುದು ಎಲ್ಲಿ ಬರೆದಿದ್ದೀ?"

ಹುಡುಕಿದೆ. ಎರಡೂ ಬದಿ.
ದೋಣಿಗೆ ಬ್ರೇಕ್ ಇಲ್ಲ ಮಾರಾಯ.
ಗೇರು ಹಿಂದಕ್ಕೆಳೆದು ಹಗ್ಗ ಎಸೆಯುತ್ತೇವೆ,
ಉಳಿದದ್ದು ನೀರಿಗೆ ಬಿಟ್ಟದ್ದು,
ಧಕ್ಕೆಗೆ ಕಟ್ಟಿದ ಹಳೇ ಟಯರಿಗೆ ಬಿಟ್ಟದ್ದು.
ಇಷ್ಟು ವರ್ಷ ಓಡುವುದನ್ನಷ್ಟೇ ರಿಪೇರಿ ಮಾಡಿದ್ದೆ.
"ಬಿಣಗಾ ಘಾಟಿನ ಇಳಿಜಾರಲ್ಲಿ ಲಾರಿ ಎದುರು ಬಂದರೆ
ಹಗ್ಗ ಎಸೆಯುತ್ತೀಯೇನು?"
ಈಗ ಬಸ್ತ್ಯಾಂವ ನಗುತ್ತಿರಲಿಲ್ಲ.

ಹಾಗೆ ಪಟ್ಟಿ ತಲೆಕೆಳಗಾಯಿತು.
ಒಂದನೇದು ಬ್ರೇಕು, ನಾಲ್ಕೂ ಚಕ್ರಕ್ಕೆ, ಮುಂದೆ ಡಿಸ್ಕು.
ಬಣ್ಣ ಕೊನೆಗೆ, ಅಂಚಿನಲ್ಲಿ.
ಆರ್‌ಟಿಓ ಕಾಗದದ ವಿಷಯ ಇನ್ನೂ ಬರೆದಿಲ್ಲ.
ಹೆದರಿಕೆಗೆ ಬೇರೆ ರಸೀದಿ ಬೇಕು.

ನಿನ್ನೆ ರಾತ್ರಿ ಶೆಡ್ಡಿನ ನೆಲ ಗುಡಿಸಿ
ಸೀಮೆಸುಣ್ಣದಲ್ಲಿ ಗಾಡಿ ಬರೆದೆ, ನಿಜದ ಅಳತೆಗೆ.
ಶೇವಂತಿ ಮೀನಿನ ಕ್ರೇಟು ಮಗುಚಿ ಹಾಕಿ
ಎಡಗಡೆ ಕೂತಳು,
ಬಾಗಿಲ ಗೆರೆ ತೆರೆಯುವವರೆಗೂ ಕಾಯದೆ.
"ಅತ್ತೆ ಎಲ್ಲಿ ಕೂರುವುದು?"
ಎರಡೇ ಸೀಟು.
"ಮಕ್ಕಳು?"
ಎರಡೇ.
ಹಿಂದಿನ ಡಿಕ್ಕಿ ಮಗುಚಿದರೆ ಇನ್ನೊಂದು ಸೀಟಾಗುತ್ತದೆ,
ಆದರೆ ಬಯಲಿಗೆ, ಮಾಡಿಲ್ಲದೆ, ಅಂತ ತೊದಲಿದೆ.

ಅಮ್ಮ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.
"ಡಿಕ್ಕಿ ನನಗಿರಲಿ," ಅಂದಳು ಬುಧವಂತಿ,
ನಲವತ್ತು ವರ್ಷ ಟೆಂಪೋದ ಹಿಂದೆ
ಬುಟ್ಟಿ ಹಿಡಿದು ನಿಂತೇ ಮೀನು ಮಾರಲು ಹೋದವಳು.
"ಮುಖ ಹಿಂದಕ್ಕೋ, ಮುಂದಕ್ಕೋ?"
ಮುಂದಕ್ಕೆ, ಅಮ್ಮ.
ಗೆರೆ ಅಳಿಸಿ ಅವಳ ಕಾಲಿಗೆ ನಾಲ್ಕು ಇಂಚು ಬಿಟ್ಟೆ.

ಎಲ್ಲರೂ ಮಲಗಿದ ಮೇಲೆ ಬಲಗಡೆಯ ಕ್ರೇಟಿನಲ್ಲಿ ಕೂತು
ಇಲ್ಲದ ಪೆಡಲು ಒತ್ತಿ ನೋಡಿದೆ,
ಮೊದಲು ನಡುವಿನದು.